ಮೇಲಿನ ಕೆರೆಗೆ ತೂಗಿ ಹೊರಟವನು

ಏನನ್ನೇ ಕೊಡಿ, ಎಡಗೈಯಲ್ಲಿ ಒಮ್ಮೆ ಎತ್ತಿ ಇಳಿಸದೆ ತೂಕದಣ್ಣ ಅದನ್ನು ತೆಗೆದುಕೊಂಡವನಲ್ಲ. ಕಾಗದ ಕೊಟ್ಟರೂ ಅಷ್ಟೆ, ಚಹಾದ ಲೋಟ ಕೊಟ್ಟರೂ ಅಷ್ಟೆ, ನೆರೆಮನೆಯವಳು ಹಸುಗೂಸನ್ನು ತಂದು ಕೈಗೆ ಹಾಕಿದರೂ ಅಷ್ಟೆ, ಅಂಗೈ ಒಂದು ಗೇಣು ಮೇಲೇರಿ, ಒಂದು ಗೇಣು ಕೆಳಗಿಳಿದು, ಕಣ್ಣು ಅರೆಮುಚ್ಚಿ, "ಆರು ಕೆಜಿ ನೂರು. ಹೋದ ತಿಂಗಳಿಗಿಂತ ವಾಸಿ" ಎಂಬ ತೀರ್ಪು ಹೊರಬಿದ್ದ ಮೇಲೆಯೇ ಅವನು ಕೂಸಿನ ಮುಖ ನೋಡುತ್ತಿದ್ದದ್ದು. ತಾಯಂದಿರು ಮುನಿಸಿಕೊಳ್ಳುತ್ತಿದ್ದರು. ಆಮೇಲೆ ಆಸ್ಪತ್ರೆಯಲ್ಲಿ ತೂಗಿಸಿ ನೋಡಿ ಬಾಯಿ ಮುಚ್ಚಿಕೊಳ್ಳುತ್ತಿದ್ದರು.

ಮಾರುಕಟ್ಟೆ ಬೀದಿಯಲ್ಲಿ ತಕ್ಕಡಿ ರಿಪೇರಿ ಅವನ ಕಸುಬು. ಪಕ್ಕದ ಮಳಿಗೆ ನನ್ನದು. ಪುಸ್ತಕಗಳಿಗೆ ರಟ್ಟು ಕಟ್ಟುವ ಕೆಲಸ. ನಾನು ಶಾಲೆಯ ಮೆಟ್ಟಿಲು ಹತ್ತಿದ್ದು ನಾಲ್ಕೇ ವರ್ಷ. ಮಿಕ್ಕ ವಿದ್ಯೆಯೆಲ್ಲ ಕಟ್ಟಲು ಬಂದ ಪುಸ್ತಕಗಳನ್ನು ಒಡೆಯರಿಗೆ ಒಂದೊಂದು ವಾರ ತಡವಾಗಿ ಹಿಂದಿರುಗಿಸಿ ಗಳಿಸಿದ್ದು. ಅದರ ಬಗ್ಗೆ ನನಗೆ ಹೆಮ್ಮೆಯಿಲ್ಲವೆಂದರೆ ಸುಳ್ಳಾದೀತು. ಆದರೆ ಮನುಷ್ಯನೊಬ್ಬ ಒಂದು ಕೆಲಸಕ್ಕೆ ಹೇಗೆ ಸಿದ್ಧನಾಗಬೇಕೆಂಬುದನ್ನು ನಾನು ಕಟ್ಟಿದ ಯಾವ ಹೊತ್ತಗೆಯೂ ಇವನಷ್ಟು ವಿವರವಾಗಿ ಹೇಳಿಕೊಟ್ಟಿಲ್ಲ.

ಅವನಿಗೊಂದು ಕಂದು ಕೋಟಿತ್ತು. ಅದರ ಬಲಜೇಬಿನಲ್ಲಿ ಹಿತ್ತಾಳೆಯ ಸಣ್ಣ ತೂಕದ ಕಲ್ಲುಗಳ ಡಬ್ಬಿ (ಲೋಹದ್ದಾದರೂ ನಮ್ಮ ಬಾಯಲ್ಲಿ ಅದು ಕಲ್ಲೇ), ಎಡಜೇಬು ಸದಾ ಖಾಲಿ. ನಲವತ್ತು ವರ್ಷ ಹಾಗೆ ತೊಟ್ಟು ತೊಟ್ಟು ಕೋಟು ಬಲಕ್ಕೆ ಜೋತುಬಿದ್ದಿತ್ತು. ಅದನ್ನು ಸರಿದೂಗಿಸಲು ಒಳಗಿನ ಮನುಷ್ಯ ಎಡಕ್ಕೆ ವಾಲಿದ್ದ. ಹೀಗಾಗಿ ಬೀದಿಯ ಆ ತುದಿಯಲ್ಲಿ ಕಾಣಿಸಿಕೊಂಡರೆ ಮುಖ ತಿಳಿಯುವ ಮೊದಲೇ ನಡಿಗೆ ತಿಳಿಯುತ್ತಿತ್ತು. ಎದುರಂಗಡಿಯ ಕ್ಷೌರಿಕ ರೇಗಿಸುತ್ತಿದ್ದ: "ಊರ ತಕ್ಕಡಿನೆಲ್ಲ ನೆಟ್ಟಗೆ ಮಾಡೋನು ತಾನೇ ಸೊಟ್ಟಗಿದಾನಲ್ಲಪ್ಪ!"

"ಮುಳ್ಳು ಯಾವಾಗ್ಲೂ ನೆಟ್ಟಗಿದ್ರೆ ತಟ್ಟೆ ಖಾಲಿ ಅಂತ ಅರ್ಥ ಕಣಯ್ಯ," ಎಂದು ಇವನು ನಿಲ್ಲದೆ ಹೇಳಿ ಹೋಗುತ್ತಿದ್ದ.

ಮಳಿಗೆಯ ಮೇಲಿನ ಎರಡು ಕೋಣೆಗಳಲ್ಲಿ ಅವನೂ ಅವನ ಅಕ್ಕನೂ ವಾಸ. ಅಕ್ಕ ಅವನಿಗಷ್ಟೇ ಅಲ್ಲ, ಬೀದಿಗೆಲ್ಲ ಅಕ್ಕ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಮೂವತ್ತೆರಡು ವರ್ಷ ಹಾಸಿಗೆಬಟ್ಟೆ ಒಗೆದು, ಹಿಂಡಿ, ಹೊತ್ತು, ತಮ್ಮನನ್ನು ಸಾಕಿದ ಹೆಂಗಸು. ಮದುವೆಯ ಮಾತೆತ್ತಿದವರಿಗೆ "ಒದ್ದೆ ಬಟ್ಟೆ ಒಣಗಲಿ, ಆಮೇಲೆ ನೋಡೋಣ" ಎಂದೇ ಕಾಲ ಕಳೆದವರು. ಅರವತ್ತೇಳಕ್ಕೆ ಮೈ ಕಡ್ಡಿಯಾಗಿತ್ತು, ಬಲಮಂಡಿ ಬಾತು ಕಾಯಾಗಿತ್ತು.

ನಮ್ಮ ಕಡೆಯ ಬೆಟ್ಟಗಳ ನಡುವೆ, ಹನ್ನೊಂದು ಸಾವಿರ ಅಡಿ ಎತ್ತರದಲ್ಲಿ ಒಂದು ಸರೋವರವಿದೆ. ಜನ ಅದನ್ನು ಮೇಲಿನ ಕೆರೆ ಎನ್ನುತ್ತಾರೆ. ವರ್ಷಕ್ಕೆ ಮೂರು ತಿಂಗಳು ಹಿಮ ಕರಗಿ ದಾರಿ ತೆರೆಯುತ್ತದೆ. ಆ ಮೂರು ತಿಂಗಳು ಅಲ್ಲಿಗೆ ಇರುವೆಸಾಲಿನಂತೆ ಜನ. ಕೆರೆಯ ಮುಂದೆ ನಿಂತು ತೆಗೆಸಿದ ಚಿತ್ರವಿಲ್ಲದ ಮನೆ ನಮ್ಮ ಬೀದಿಯಲ್ಲಿಲ್ಲ. ಅವರೆಲ್ಲ ಹೋಗಿಬರಲು ಸಾಧ್ಯವಾದದ್ದು ಹೇಗೆಂದರೆ, ತಂತಮ್ಮ ಚಿಕ್ಕ ಮಕ್ಕಳನ್ನು ಅಕ್ಕನ ಬಳಿ ಬಿಟ್ಟು ಹೋಗುತ್ತಿದ್ದರು.

ಆ ವರ್ಷ ವೈದ್ಯರು ಮಂಡಿಯ ಚಿತ್ರ ತೆಗೆಸಿ ನೋಡಿ, ಚಳಿಗಾಲ ಬರುವ ಮುಂಚೆ ಶಸ್ತ್ರಚಿಕಿತ್ಸೆ ಆಗಲೇಬೇಕೆಂದರು. ಆಮೇಲೆ ಮನೆಯಲ್ಲಿ, ಬೀದಿಯಲ್ಲಿ ಓಡಾಡಬಹುದು. ಬೆಟ್ಟಗುಡ್ಡ ಮಾತ್ರ ಈ ಜನ್ಮಕ್ಕೆ ಮುಗಿಯಿತು. ಅಕ್ಕ ಮನೆಗೆ ಬಂದು ಚಪ್ಪಲಿ ಬಿಡುತ್ತಲೇ ಅಂದರು:

"ಹಾಗಾದ್ರೆ ಈ ಸಲವೇ ಹೋಗ್ಬೇಕು ಕಣೋ."

"ಎಲ್ಲಿಗೆ?"

"ಮೇಲಿನ ಕೆರೆಗೆ. ಎಲ್ರೂ ನನ್ನ ಹತ್ರ ಮಕ್ಕಳನ್ನ ಬಿಟ್ಟು ಓಡೋಡಿ ಹೋದ್ರಲ್ಲ, ಅಂಥದ್ದೇನಿದೆ ಅಲ್ಲಿ ಅಂತ ನಾನೂ ನೋಡ್ಬೇಕು."

ತೂಕದಣ್ಣ ಮಳಿಗೆಗೆ ಇಳಿದು ಬಂದು ಒಂದು ಹೊಸ ನೋಟುಬುಕ್ಕಿನ ಮೊದಲ ಹಾಳೆಯ ಮೇಲೆ "ಅಕ್ಕ, ಕೆರೆ" ಎಂದು ಬರೆದ.

ದೂರದ ಬೆಟ್ಟ ನುಣ್ಣಗೆ ಎಂದು ಎಲ್ಲರೂ ಹೇಳುತ್ತಾರೆ. ಅದು ಎಲ್ಲೆಲ್ಲಿ ಎಷ್ಟೆಷ್ಟು ಒರಟು ಎಂದು ಮನೆಯಲ್ಲೇ ಕೂತು ಕೇಳಿ ಬರೆದುಕೊಂಡವನನ್ನು ನಾನು ಕಂಡದ್ದು ಇವನೊಬ್ಬನನ್ನೇ. ಹೋಗಿ ಬಂದ ಇಪ್ಪತ್ತೇಳು ಜನರನ್ನು ಹಿಡಿದು ಕೂರಿಸಿ ಎಷ್ಟು ಹೊತ್ತು ಹಿಡಿಯಿತೆಂದು ಕೇಳಿದ. ಮೂವತ್ತಕ್ಕಿಂತ ಚಿಕ್ಕವರ ಮಾತನ್ನು ಹೊಡೆದುಹಾಕಿದ. "ಸುಲಭ ರೀ, ಆರಾಮಾಗಿ ಹೋಗ್ಬಹುದು" ಎಂದವರ ಹೆಸರಿನ ಮೇಲೆ ಎರಡೆರಡು ಗೀಟು ಎಳೆದ. "ಇಳಿದು ಬಂದವನ ಕಾಲಿಗೆ ಜ್ಞಾಪಕಶಕ್ತಿ ಇರಲ್ಲ," ಎಂಬುದು ಅವನ ಸಿದ್ಧಾಂತ. ಕೊನೆಗೆ ಅವನು ನಂಬಿದ್ದು, ಮೇಲಿನ ಅರಣ್ಯ ಕಾವಲುಗಾರನ ಗುಡಿಸಲಿಗೆ ವಾರಕ್ಕೊಮ್ಮೆ ಸೀಮೆಎಣ್ಣೆ ಹೊತ್ತೊಯ್ಯುವ ಒಬ್ಬ ಕೂಲಿಯವನನ್ನು. ಆ ಮನುಷ್ಯ ಎಲ್ಲೆಲ್ಲಿ ಡಬ್ಬ ಇಳಿಸಿ ಉಸ್ಸೆಂದು ಕೂರುತ್ತಾನೋ ಅಲ್ಲಲ್ಲಿ ನಕ್ಷೆಯ ಮೇಲೆ ಚುಕ್ಕೆ ಇಟ್ಟ. ಐದೂವರೆ ಕಿಲೋಮೀಟರು ಹಾದಿ, ಆರು ಚುಕ್ಕೆ. ಕಟ್ಟಕಡೆಯಲ್ಲಿ ಕಲ್ಲು ಕಡಿದು ಮಾಡಿದ ನೂರಾ ತೊಂಬತ್ತು ಮೆಟ್ಟಿಲು, ಅಲ್ಲಿ ಮಾತ್ರ ಕೂರಲು ಜಾಗವಿಲ್ಲ. "ಹೊರೆ ಹೊತ್ತವನು ಸುಳ್ಳು ಹೇಳಲಾರ, ಉಸಿರು ಸಾಲಲ್ಲ," ಎಂದ ತೂಕದಣ್ಣ.

ದಿನಕ್ಕೆ ಮುನ್ನೂರೇ ಜನಕ್ಕೆ ಅರಣ್ಯ ಇಲಾಖೆಯ ಚೀಟಿ. ಬೆಳಗಿನ ಆರಕ್ಕೆ ಹೋಗಿ ಸಾಲಿನಲ್ಲಿ ಮೂರನೆಯವನಾಗಿ ನಿಂತು, ಮೂರು ಚೀಟಿ ತಂದ. ಮೂರನೆಯದು ನನ್ನದು. ನಾನು ಬರುತ್ತೇನೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ. ಎತ್ತರದ ಗಾಳಿ ತೆಳುವು, ರಕ್ತಕ್ಕೆ ಅದರ ಪರಿಚಯವಾಗಬೇಕು ಎಂದು ಬೆಟ್ಟದ ಬುಡದ ವಸತಿಗೃಹದಲ್ಲಿ ಎರಡು ದಿನ ಸುಮ್ಮನೆ ತಂಗುವುದೂ ನಿಶ್ಚಯವಾಯಿತು. ಸಾಮಾನುಗಳೆಲ್ಲ ಒಂದೊಂದಾಗಿ ಅವನ ತಕ್ಕಡಿ ಹತ್ತಿದವು. ಅಕ್ಕನ ಛತ್ರಿ ಹೊರಗೆ, ಎರಡನೇ ಸೀರೆ ಹೊರಗೆ, ಸಾಬೂನು ಕಾಲು ಭಾಗಕ್ಕೆ ಕತ್ತರಿಸಿ ಒಳಗೆ. ನನ್ನ ಚೀಲದಲ್ಲಿ ಒಂದು ದಪ್ಪ ಪುಸ್ತಕ ಸಿಕ್ಕಿತು. ಎಡಗೈ ಎತ್ತಿತು, ಇಳಿಸಿತು.

"ಆರುನೂರ ನಲವತ್ತು ಗ್ರಾಂ. ಓದಿದ್ದೀಯಾ ಇದನ್ನ?"

"ಎರಡು ಸಲ."

"ಹಾಗಾದ್ರೆ ತಲೇಲಿ ಹೊತ್ಕೊಂಡೇ ಇದ್ದೀಯ. ಬೆನ್ನಿಗೂ ಯಾಕೆ?"

ನಲವತ್ತು ವರ್ಷಗಳಲ್ಲಿ ನನ್ನ ವಿದ್ಯೆಯ ಬಗ್ಗೆ ಅವನು ಆಡಿದ ಒಂದೇ ಒಳ್ಳೆಯ ಮಾತು ಅದು.

ಊರ ಹೊರಗಿನ ನೀರಿನ ಟ್ಯಾಂಕಿಗೆ ಇನ್ನೂರ ಹನ್ನೆರಡು ಮೆಟ್ಟಿಲು. ಅಕ್ಕ ಮನೆಯ ಮೆಟ್ಟಿಲನ್ನು ಹತ್ತಿ ಇಳಿದು ಅಭ್ಯಾಸ ಮಾಡಿದರೆ, ಇವನು ದಿನಾ ಬೆಳಿಗ್ಗೆ ಚೀಲ ಹೊತ್ತು ಟ್ಯಾಂಕಿಗೆ ಹೋಗುತ್ತಿದ್ದ. ಒಂದು ದಿನ ನಾನೂ ಜೊತೆಗೆ ಹೋದೆ. ಮೇಲೆ ಹತ್ತಿ, ಅವನು ಇಳಿಸಿಟ್ಟ ಚೀಲವನ್ನು ಸರಿಸಲು ಹೋದರೆ ಅದು ಎಳ್ಳಷ್ಟೂ ಜಗ್ಗಲಿಲ್ಲ. ಬಾಯಿ ಬಿಚ್ಚಿ ನೋಡಿದೆ. ಕಂಬಳಿಯಲ್ಲಿ ಸದ್ದಾಗದಂತೆ ಸುತ್ತಿಟ್ಟ ಹತ್ತು ಕೆಜಿ, ಐದು ಕೆಜಿ, ಒಂದು ಕೆಜಿಯ ಕಬ್ಬಿಣದ ಕಲ್ಲುಗಳು.

"ಏನೋ ಇದು?"

"ಅಕ್ಕ," ಎಂದ ಅವನು, ಬೆವರು ಒರೆಸಿಕೊಳ್ಳುತ್ತ. "ನಲವತ್ಮೂರು ಕೆಜಿ."

"ತಕ್ಕಡಿ ಹತ್ತಿದ್ರಾ ಅವರು?"

"ಅವಳೆಲ್ಲಿ ಹತ್ತಾಳೆ! ನಾನೇನು ಮೂಟೆನಾ ಅಂತಾಳೆ. ಹೋದ ವರ್ಷ ಬಸ್ಸಿಳಿಯೋವಾಗ ಎಡವಿದ್ಲಲ್ಲ, ಆಗ ಹಿಡ್ಕೊಂಡಿದ್ದೆ."

ಇಪ್ಪತ್ತರಿಂದ ಶುರುಮಾಡಿ, ವಾರಕ್ಕಿಷ್ಟು ಏರಿಸುತ್ತ ಅಲ್ಲಿಗೆ ಬಂದಿದ್ದ. ಯಾರಿಗೂ ಹೇಳಬೇಡ ಎಂದ. ನಾನು ಹೇಳಲಿಲ್ಲ, ಹೇಳಿದ್ದು ಕಂಬಳಿ. ಹೊರಡಲು ಮೂರು ದಿನವಿರುವಾಗ ಅಕ್ಕ ಅದನ್ನು ಬಿಸಿಲಿಗೆ ಹಾಕಲೆಂದು ಚೀಲದಿಂದ ಎಳೆದರು. ಕಲ್ಲುಗಳು ನೆಲಕ್ಕೆ ಉರುಳಿದ ಸದ್ದಿಗೆ ನಾವಿಬ್ಬರೂ ಮೇಲೆ ಓಡಿದೆವು. ಅಕ್ಕ ಒಂದೊಂದನ್ನೇ ಎಣಿಸುತ್ತ ನಿಂತಿದ್ದರು. ಮೂವತ್ತೆರಡು ವರ್ಷ ಭಾರ ಹೊತ್ತ ಹೆಂಗಸು. ಕೂಡಿ ನೋಡಿ ಅರ್ಥ ಮಾಡಿಕೊಳ್ಳಲು ಅವರಿಗೆ ತಮ್ಮನ ತಕ್ಕಡಿ ಬೇಕಿರಲಿಲ್ಲ.

"ಹೆಣ ಹೊರೋಕೆ ಅಭ್ಯಾಸ ಮಾಡ್ತಿದ್ದೀಯೇನೋ?"

ಅವನು ಬಗ್ಗಿ ಉರುಳಿದ ಕಲ್ಲುಗಳನ್ನು ಒಂದೊಂದಾಗಿ ಗೋಡೆಯ ಪಕ್ಕಕ್ಕೆ ಸರಿಸಿಟ್ಟ.

"ಯಾರ ಬೆನ್ನ ಮೇಲೂ ಕೂತು ಬದುಕಿದೋಳಲ್ಲ ನಾನು. ಮುನ್ನೂರು ಜನ ನೋಡ್ತಿರ್ಬೇಕು, ತಮ್ಮ ನನ್ನ ಮೂಟೆ ಹೊತ್ತ ಹಾಗೆ ಹೊತ್ಕೊಂಡು ಹೋಗ್ಬೇಕು, ಅಲ್ವಾ? ಆ ಚೀಟಿ ಯಾರಿಗಾದ್ರೂ ಕೊಡು. ನಾನು ಬರಲ್ಲ."

ಎರಡು ದಿನ ಆ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು. ಅಕ್ಕ ಹಿಡಿದ ಪಟ್ಟು ಬಿಡುವವರಲ್ಲ. ಇವನಿಗೆ ನಯವಾಗಿ ನಾಲ್ಕು ಮಾತಾಡಿ ಒಲಿಸಿಕೊಳ್ಳಲು ಬಾರದು. ಶಸ್ತ್ರಚಿಕಿತ್ಸೆಯ ದಿನ ಗೊತ್ತಾಗಿತ್ತು, ಈ ಚೀಟಿ ತಪ್ಪಿದರೆ ಇನ್ನೊಂದು ಸಿಗುವ ಹಾಗಿರಲಿಲ್ಲ. ನಾನು ನಡುವೆ ಹೋಗಿ ಒಂದೆರಡು ಒಳ್ಳೆಯ ವಾಕ್ಯ ಹೇಳಿದೆ. ಕಲ್ಲಿನ ಮೇಲೆ ಮಳೆ ಸುರಿದಂತಾಯಿತು. ಹೊರಡುವ ಹಿಂದಿನ ದಿನ ಮಧ್ಯಾಹ್ನ ಅವನು ಅಡುಗೆಮನೆಯ ಬಾಗಿಲಲ್ಲಿ ನಿಂತ. ಕೋಟಿರಲಿಲ್ಲ. ಅದಿಲ್ಲದೆಯೂ ಎಡಕ್ಕೆ ವಾಲಿಯೇ ಇದ್ದ.

"ಅಕ್ಕಾ, ನೀನು ನಡೀತೀಯ ಅಂತ ನಂಗೊತ್ತು. ಆ ಕಲ್ಲು ನಿನಗೋಸ್ಕರ ಅಲ್ಲ, ನನಗೋಸ್ಕರ. ಹೊತ್ತು ನೋಡದೆ ನಿನ್ನ ಕರ್ಕೊಂಡು ಹೋಗು ಅಂದ್ರೆ ನಂಗೆ ಧೈರ್ಯ ಸಾಲಲ್ಲ."

ಅಕ್ಕ ಒಲೆಯ ಕಡೆಗೇ ಮುಖ ಮಾಡಿದ್ದರು. ತಿರುಗದೆಯೇ ಅಂದರು: "ನೀನು ಮುಂದೆ ನಡೀಬೇಕು. ಹಿಂದೆ ಬಂದು ನನ್ನ ಕಾಲು ಅಳೀಬಾರದು. ತಿರುಗಿ ನೋಡಬಾರದು. ನಾನಾಗಿ ಕೇಳೋವರೆಗೂ ಕೈ ಚಾಚಬಾರದು."

"ಆಯ್ತು."

"ಆ ಸೋಪು ಇನ್ನೊಂದು ಚೂರು ಹಾಕು. ಗುಬ್ಬಿ ಸ್ನಾನಕ್ಕೂ ಸಾಲಲ್ಲ ಅದು."

ಹಾದಿಯುದ್ದಕ್ಕೂ ಅವನು ಆ ಮಾತು ನಡೆಸಿದ. ಮುಂದೆ ಅವನು, ನಡುವೆ ಊರುಗೋಲು ಹಿಡಿದ ಅಕ್ಕ, ಹಿಂದೆ ನಾನು; ನಮ್ಮನ್ನು ದಾಟಿ ದಾಟಿ ಜನ, ಜನ, ಜನ. ಅವನ ಕುತ್ತಿಗೆ ತಿರುಗಲಿಲ್ಲ, ಆದರೆ ಕಿವಿ ಹಿಂದಿತ್ತು. ಕೋಲಿನ ಸದ್ದು ನಿಧಾನವಾದರೆ ಅವನ ಹೆಜ್ಜೆ ನಿಧಾನ, ಸದ್ದು ನಿಂತರೆ ಅವನೂ ನಿಲ್ಲುತ್ತಿದ್ದ, ಬೂಟಿನ ದಾರ ಕಟ್ಟಿಕೊಳ್ಳುವವನಂತೆ. ಆರೂ ಚುಕ್ಕೆಗಳಲ್ಲಿ ಕೂತೆವು. ಕೂಲಿಯವನ ಮಾತು ಒಂದಿಷ್ಟೂ ಹುಸಿಯಾಗಲಿಲ್ಲ. ಕಡೆಯ ನೂರಾ ತೊಂಬತ್ತು ಮೆಟ್ಟಿಲುಗಳಲ್ಲಿ ಅಕ್ಕ ಎಪ್ಪತ್ತರ ಹತ್ತಿರ ಹತ್ತಿ ನಿಂತುಬಿಟ್ಟರು. ಮಂಡಿ ಮಡಚಲು ಒಲ್ಲೆನೆಂದಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಸರಪಳಿ. ಕೂರಲು ಜಾಗವಿಲ್ಲ, ಹಿಂದೆ ಸಾಲುಗಟ್ಟಿದ ಜನ. "ಇನ್ನೇನು ಬಂತು ಅಜ್ಜಿ, ಹತ್ತೇ ನಿಮಿಷ!" ಎಂದು ಇಳಿಯುವವರು ಹುರಿದುಂಬಿಸಿ ಹೋದರು. ತೂಕದಣ್ಣ ಮೂರು ಮೆಟ್ಟಿಲು ಮೇಲೆ ನಮಗೆ ಬೆನ್ನು ಮಾಡಿ ನಿಂತಿದ್ದ. ತಿರುಗಲಿಲ್ಲ. ಸರಪಳಿ ಹಿಡಿದ ಅವನ ಕೈಯ ಗೆಣ್ಣುಗಳು ಬಿಳಿಚಿದ್ದವು. ಅಕ್ಕ ಮೇಲಿನ ಮೆಟ್ಟಿಲುಗಳನ್ನು ನೋಡಿದರು, ಹಿಂದಿನ ಜನರನ್ನು ನೋಡಿದರು, ಕೋಲನ್ನು ನನ್ನ ಕೈಗೆ ಕೊಟ್ಟರು.

"ಏಯ್," ಎಂದರು. "ಬಗ್ಗೋ."

ಅವನು ಬಗ್ಗಿದ. ನೂರಿಪ್ಪತ್ತು ಮೆಟ್ಟಿಲು, ನಡುವೆ ಎರಡೇ ಸಲ ನಿಂತ. ಮೊದಲನೆಯ ಸಲ ನಿಂತಾಗ, ಏದುಸಿರಿನ ನಡುವೆ ಅವನ ಗೊಣಗಾಟ ಕೇಳಿಸಿತು: "ನಲವತ್ತೊಂದೇ ಇದ್ದೀಯಲ್ಲೇ ಅಕ್ಕ. ಹೊಟ್ಟೆಗೆ ಸರಿಯಾಗಿ ತಿಂತಿಲ್ಲ ನೀನು."

"ಬಾಯಿ ಮುಚ್ಕೊಂಡು ಹತ್ತು."

ಕೆರೆ ಚಿಕ್ಕದು. ಅರ್ಧಕ್ಕೆ ಇನ್ನೂ ಹಿಮದ ಹೆಪ್ಪು, ಮಿಕ್ಕರ್ಧ ಮಸಿಯಂಥ ನೀಲಿ. ಅಕ್ಕ ಒಂದು ಚಪ್ಪಟೆ ಬಂಡೆಯ ಮೇಲೆ ಕೂತು ನಲವತ್ತು ನಿಮಿಷ ನೋಡಿದರು. ಕೊನೆಗೆ ನನ್ನ ಕಡೆ ತಿರುಗಿ, "ಫೋಟೋದಲ್ಲಿ ಎಲ್ರೂ ಇದಕ್ಕೆ ಅಡ್ಡ ನಿಂತಿರ್ತಾರೆ. ಅದಕ್ಕೇ ಗೊತ್ತಾಗ್ತಿರ್ಲಿಲ್ಲ," ಎಂದರು. ತೂಕದಣ್ಣ ಕೆರೆಗೆ ಬೆನ್ನು ಹಾಕಿ, ಶಿಖರದ ಹಿಂದೆ ಏಳುತ್ತಿದ್ದ ಮೋಡವನ್ನೂ ಕೈಗಡಿಯಾರವನ್ನೂ ಮತ್ತೆ ಮತ್ತೆ ನೋಡುತ್ತಿದ್ದ. ಇಳಿಯುವಾಗ ಅಕ್ಕ ಬೆನ್ನು ಹತ್ತಲಿಲ್ಲ. ಮೆಟ್ಟಿಲುಗಳ ಮೇಲೆ ಒಂದೊಂದಾಗಿ ಕೂತು ಜಾರುತ್ತ, "ಇಳಿಸೋಕೆ ಭೂಮಿನೇ ಇದೆ, ನೀನ್ಯಾಕೆ?" ಎಂದರು. ಬುಡ ಮುಟ್ಟುವಾಗ ಇನ್ನೂ ಬಿಸಿಲಿತ್ತು.

ಮರುವಾರ ಕ್ಷೌರಿಕ ಕತ್ತರಿ ಆಡಿಸುವುದನ್ನು ನಿಲ್ಲಿಸಿ ಕೇಳಿದ: "ಏನಾಯ್ತಪ್ಪ ಬೆಟ್ಟದಲ್ಲಿ?"

"ಏನೂ ಆಗ್ಲಿಲ್ಲ," ಎಂದ ತೂಕದಣ್ಣ.

ಅವನು ಸುಳ್ಳು ಹೇಳಲಿಲ್ಲ. ಚೀಟಿಯ ಹಿಂಬದಿಯ ಸಣ್ಣಕ್ಷರವನ್ನೂ ಓದುವವರು, ಮೋಡಕ್ಕೂ ಮಂಡಿಗೂ ಮೊದಲೇ ಜಾಗ ಬಿಟ್ಟು ಯೋಚಿಸುವವರು ಪ್ರತಿಯೊಂದು ಬೀದಿಯಲ್ಲೂ ಒಬ್ಬರಿರುತ್ತಾರೆ. ಅವರನ್ನು ಹೊರಡುವ ಮುನ್ನ ನಾವು ಗೇಲಿ ಮಾಡುತ್ತೇವೆ, ದಾರಿಯಲ್ಲಿ ಬೈಯುತ್ತೇವೆ, ಮನೆ ಮುಟ್ಟಿದ ಮೇಲೆ ಮರೆಯುತ್ತೇವೆ. ಕೇಡು ತಪ್ಪಿಸಿಕೊಂಡು ಬಂದವನ ಬಳಿ ಹತ್ತು ಕತೆಗಳಿರುತ್ತವೆ, ಅವನ ಸುತ್ತ ಜನ ಸೇರುತ್ತಾರೆ. ಕೇಡು ಬಾರದ ಹಾಗೆ ನೋಡಿಕೊಂಡವನ ಬಳಿ ಹೇಳಲು ಏನೂ ಉಳಿದಿರುವುದಿಲ್ಲ. ಹೇಳಲು ಏನೂ ಉಳಿಯದಂತೆ ಮಾಡುವುದೇ ಇಂಥವರ ಕಸುಬು; ಅದು ಎಷ್ಟು ಭಾರದ ಕೆಲಸವೆಂಬುದು ಹೊತ್ತವರಿಗೆ ಗೊತ್ತು, ಮತ್ತು ಒಮ್ಮೊಮ್ಮೆ, ಅವರ ಹಿಂದೆ ಬರಿಗೈಯಲ್ಲಿ ನಡೆದು ಬಂದವರಿಗೆ.