ಬಸವಂತನ ಕಿವಿಗೆ ಬಿದ್ದ ಮರಾಠಿ

ನನ್ನ ತಮ್ಮ ಬಸವಂತನಿಗೆ ಮರಾಠಿ ಚೆನ್ನಾಗಿ ಬರುತ್ತದೆ. ಅದೇ ನನಗೆ ಮುಳುವಾಯಿತು.

ಗಂಡ ಸತ್ತ ಮೇಲೆ ನಾನು ಗಡಹಿಂಗ್ಲಜ ಕಡೆಯ ಮಹಾಗಾಂವ ಬಿಟ್ಟು ಇಚಲಕರಂಜಿಗೆ, ಬಸವಂತನ ಮನೆಗೆ ಬಂದಿದ್ದೆ. ಪವರ್‌ಲೂಮಿಗೆ ನೂಲಿನ ಕಂಡಕಿ ಸುತ್ತುತ್ತಿದ್ದೆ. ಈ ವರ್ಷ ಹೊಟ್ಟೆ ಉಬ್ಬತೊಡಗಿತು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗಡಿಗೆ. ಗಂಡನಿಲ್ಲದವಳ ಹೊಟ್ಟೆ ಉಬ್ಬಿದರೆ ಓಣಿಯವರಿಗೆ ಬೇರೆ ಕೆಲಸ ಬೇಕೆ? ಮಗ್ಗ ರಿಪೇರಿಯ ತಾನಾಜಿಯ ಹೆಸರನ್ನು ನನಗೆ ಗಂಟು ಹಾಕಿದರು.

ಸ್ಕ್ಯಾನ್ ನೋಡಿದ ಡಾಕ್ಟರು ಬಸವಂತನನ್ನು ಕರೆದು, "ಖೂಪ್ ದಿವಸ ಗೇಲೇತ್. ಲಗೇಚ್ ಕೊಲ್ಹಾಪುರಲಾ ನ್ಯಾ" ಎಂದರಂತೆ. ಬಹಳ ದಿನ ಕಳೆದುಹೋಗಿವೆ, ತಕ್ಷಣ ಕೊಲ್ಹಾಪುರಕ್ಕೆ ಕರೆದುಕೊಂಡು ಹೋಗು ಎಂದು ಅವರ ಅರ್ಥ. ಆದರೆ ಮರಾಠಿಯಲ್ಲಿ ಹೆಂಗಸಿಗೆ 'ದಿವಸ ಗೇಲೇತ್' ಎಂದರೆ ಬಸುರಿ ಎಂದೂ ಆಗುತ್ತದೆ. ಓಣಿಯ ಮಾತು ತುಂಬಿಕೊಂಡಿದ್ದ ಕಿವಿ ಅದನ್ನೇ ಕೇಳಿಸಿಕೊಂಡಿತು. ಹುಚ್ಚಪ್ಯಾಲಿ, ಮುಂದಿನ ಮಾತಿಗೆ ನಿಲ್ಲಲೇ ಇಲ್ಲ.

ಮನೆಗೆ ಬಂದವನೇ ಅಗಳಿ ಹಾಕಿ, ಮಗ್ಗದ ತೊಗಲಿನ ಪಟ್ಟಿ ಕೈಗೆತ್ತಿಕೊಂಡ.

"ಯಾರದು?"

"ಏನ್ ಯಾರದು?"

"ಹೊಟ್ಟ್ಯಾಗಿಂದು. ಆ ತಾನಾಜೀದೇನ?"

ಪಟ್ಟಿ ಬೆನ್ನಿಗೆ ಬಿತ್ತು, ಕುತ್ತಿಗೆಗೆ ಬಿತ್ತು. ಸುಮ್ಮನೆ ಏಟು ತಿನ್ನುವವಳು ನಾನಲ್ಲ. ಅವನ ಮುಂಗೈ ಕಚ್ಚಿದೆ, ಬಾಯಿಗೆ ರಕ್ತ ಬಂತು. ಆಗ ಒದ್ದ, ಪಕ್ಕೆಗೆ, ಹೊಟ್ಟೆಗೆ. ಒಳಗೆ ಲಟಕ್ ಎಂದದ್ದು ನನಗೇ ಕೇಳಿಸಿತು. ಅವನ ಹೆಂಡತಿ ಸ್ನೇಹಲ ಲಟ್ಟಣಿಗೆಯಿಂದ ಅವನ ತಲೆಗೆ ಬಾರಿಸಿ ನನ್ನನ್ನು ಹೊರಗೆ ಎಳೆಯದಿದ್ದರೆ ಅಂದೇ ನನ್ನ ಹೆಣ ಬೀಳುತ್ತಿತ್ತು.

ಅವಳೇ ನನ್ನನ್ನು ಕೊಲ್ಹಾಪುರದ ಆಸ್ಪತ್ರೆಗೆ ಸೇರಿಸಿದಳು. ಅಲ್ಲಿ ಡಾಕ್ಟರ್ ಪದ್ಮಕುಮಾರ ಹೊಟ್ಟೆಯ ನೀರು ತೆಗೆದರು, ಒಳಗಿನ ಒಂದು ಚೂರನ್ನು ಪರೀಕ್ಷೆಗೆ ಕಳಿಸಿದರು. ಆಮೇಲೆ ಬಸವಂತನನ್ನೂ ಕರೆಸಿ, ಕನ್ನಡದಲ್ಲೇ ಹೇಳಿದರು.

"ಹೊಟ್ಟಿ ಒಳಗಿನ ಪೊರಿಗೆ ಕ್ಯಾನ್ಸರ್ ಆಗೇತ್ರಿ. ಭಾಳ ಅಪರೂಪದ್ದು. ಹೊಟ್ಟಿ ತೆರದು, ಪೊರಿ ಕೆತ್ತಿ ತಗದು, ಬಿಸಿ ಔಷಧ ತುಂಬಿ ತೊಳಿಬೇಕು. ರಕ್ತ ಭಾಳ ಬೇಕಾಗತೈತಿ. ನಿಮ್ಮ ತಮ್ಮನ ರಕ್ತ ನಿಮ್ಮ ಗುಂಪಿಂದ ಐತಿ, ಅವರು ಕೊಡಬಹುದು. ಈ ವಾರನ ಮಾಡತಿದ್ದೆ. ಆದರ ಪಕ್ಕೆಲುಬು ಮುರದು ಎದಿಯೊಳಗ ರಕ್ತ ನಿಂತೈತಿ. ಅದು ಮಾಯೂತನಕ ಚಾಕು ಹಚ್ಚಾಕ ಬರಂಗಿಲ್ಲ."

"ಅಲ್ಲೀತನಕ ಈ ರೋಗ?" ಎಂದೆ.

"ಅದು ಕಾಯಂಗಿಲ್ರಿ ಅಕ್ಕಾರ."

ಡಾಕ್ಟರು ಹೋದ ಮೇಲೆ ಬಸವಂತ ನನ್ನ ಕಾಲಿಗೆ ಹಣೆ ಹಚ್ಚಿದ.

"ತಪ್ಪಾತು ಅಕ್ಕಾ. ನನ್ನ ಕೊಂದಬಿಡು" ಎಂದು ಮುಖ ಎತ್ತಿದ.

ನನಗೆ ಸಿಟ್ಟು ನೆತ್ತಿಗೇರಿತು. ಬದುಕುವ ದಾರಿಗೆ ಕಲ್ಲು ಹಾಕಿ ಈಗ ಅಳುತ್ತಾನೆ, ಭಾಡ್ಯಾ. ಪಕ್ಕದಲ್ಲಿದ್ದ ಸ್ಟೀಲಿನ ತಂಬಿಗೆ ಎತ್ತಿ, ಇದ್ದಬದ್ದ ಬಲ ಹಾಕಿ ಹಣೆಗೆ ಬಡಿದೆ. ಮುರಿದ ಪಕ್ಕೆಯ ನೋವಿಗೆ ನನಗೇ ಕಣ್ಣು ಕತ್ತಲೆ ಬಂತು. ಅವನು ಕೈ ಅಡ್ಡ ತರಲಿಲ್ಲ. ಹುಬ್ಬು ಒಡೆದು ರಕ್ತ ಗಲ್ಲಕ್ಕಿಳಿಯಿತು.

"ಇನ್ನೊಂದು ಹೊಡಿ" ಎಂದು ತಲೆ ಮುಂದೆ ತಂದ.

ಚಾದರದ ತುದಿಯಿಂದ ಅವನ ಹುಬ್ಬನ್ನು ಒತ್ತಿ ಹಿಡಿದೆ.

"ಬಾಯಿ ಮುಚ್ಚು. ನಿನ್ನ ರಕ್ತ ಸುಮ್ನ ಚೆಲ್ಲಾಕ ಬಿಡಂಗಿಲ್ಲ. ನನಗ ಬೇಕಾಗೇತಿ."