ಅಪ್ಪಂದಿರ ಪರೀಕ್ಷೆ

ನಮ್ಮ ಮಕ್ಕಳ ಬೈಕ್ ರೇಸ್ ಕ್ಲಬ್ಬಿನ ನಿಯಮಗಳು ನನ್ನ ಅಕ್ಕನ ಮಗಳು ಚೋಟು ಜೊತೆಜೊತೆಗೇ ಬೆಳೆದವು. ಇದು ನನ್ನ ಕುಹಕವಲ್ಲ, ಯಾರನ್ನು ಬೇಕಾದರೂ ಕೇಳಿ. ನಿಯಮ ಬರೆಯುವವರು ನಮ್ಮ ಭಾವ, ಅಂದರೆ ಅವಳ ಅಪ್ಪ. ಆಸ್ಪತ್ರೆಯಲ್ಲಿ ಮುರಿದ ಕೈಕಾಲಿಗೆ ಪ್ಲಾಸ್ಟರ್ ಹಾಕುವುದು ಅವರ ಕೆಲಸ. ದಿನವಿಡೀ ಮುರಿದ ಮೂಳೆ ನೋಡುವವರಿಗೆ ಮಗಳು ಬೈಕ್ ಹತ್ತುತ್ತೇನೆ ಅಂದರೆ ಹೇಗಾಗಿರಬೇಡ! ಬೇಡ ಅನ್ನುವ ಧೈರ್ಯ ಮನೆಯಲ್ಲಿ ಸಾಲಲಿಲ್ಲ. ಹಾಗಾಗಿ ಕ್ಲಬ್ಬಿನ ಸುರಕ್ಷಾ ಸಮಿತಿ ಸೇರಿಕೊಂಡರು.

ಮೊದಲು ದೊಡ್ಡ ಬೈಕಿನ ವರ್ಗಕ್ಕೆ ಹನ್ನೆರಡು ತುಂಬಿದ್ದರೆ ಸಾಕಿತ್ತು. ನಮ್ಮ ಚೋಟುಗೆ ಹನ್ನೆರಡು ತುಂಬುವ ಹೊತ್ತಿಗೆ ಅದು ಹದಿಮೂರಾಯಿತು. ಹದಿಮೂರು ತುಂಬುವಷ್ಟರಲ್ಲಿ, ವಯಸ್ಸೊಂದೇ ಸಾಲದು, ಸೀಟಿನ ಮೇಲೆ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು ಎಂದಾಯಿತು. ಅವಳು ಹಟಕ್ಕೆ ಬಿದ್ದವಳಂತೆ ಉದ್ದ ಬೆಳೆದಳು. ಆಮೇಲೆ, ಬಿದ್ದ ಬೈಕನ್ನು ಒಬ್ಬರೇ ಎತ್ತಿ ನಿಲ್ಲಿಸಬೇಕು ಎಂದಾಯಿತು. ಅವಳು ನನ್ನ ಹಳೇ ಬೈಕನ್ನು ಕೆಡವಿ ಎತ್ತಿ, ಕೆಡವಿ ಎತ್ತಿ, ಅದರ ಕನ್ನಡಿ ಎರಡನ್ನೂ ಮುಗಿಸಿದಳು. ಪರೀಕ್ಷೆಯನ್ನೂ ಮುಗಿಸಿದಳು. ಅವಳು ಚಾಪೆ ಕೆಳಗೆ ತೂರಿದರೆ ಇವರು ರಂಗೋಲಿ ಕೆಳಗೆ ತೂರುತ್ತಿದ್ದರು.

ಹಾಗಂತ ಭಾವನ ನಿಯಮಗಳು ಕೆಟ್ಟವಲ್ಲ. ರೇಸಿಗೆ ಮುಂಚೆ ಬೈಕು, ಹೆಲ್ಮೆಟ್ಟು ತಪಾಸಣೆ ಮಾಡುವವಳು ನಾನು. ಮೊದಲೆಲ್ಲ ಪುಟ್ಟ ಮಕ್ಕಳು ಅಣ್ಣಂದಿರ ಬೈಕಿನ ಮೇಲೆ ತುದಿಗಾಲಲ್ಲಿ ಕೂರುತ್ತಿದ್ದವು. ಹೆಲ್ಮೆಟ್ಟು ಬೋರಲು ಹಾಕಿದ ಪಾತ್ರೆಯ ಹಾಗೆ ತಲೆಯ ಮೇಲೆ ಗಿರಗಿರ ತಿರುಗುತ್ತಿತ್ತು. ಈಗ ನಮ್ಮ ಟ್ರ್ಯಾಕಿನಿಂದ ಭಾವನ ಆಸ್ಪತ್ರೆಗೆ ಹೋಗುವ ಮಕ್ಕಳು ಅಪರೂಪ. ಅದಕ್ಕೇ ಯಾರೂ ಅವರಿಗೆ ಎದುರಾಡುತ್ತಿರಲಿಲ್ಲ.

ಈ ವರ್ಷದ ಸಭೆ ಅಧ್ಯಕ್ಷರ ಟೈರ್ ಅಂಗಡಿಯ ಹಿಂದಿನ ಕೋಣೆಯಲ್ಲಿ ನಡೆಯಿತು. ಕುರ್ಚಿಗಳಿಲ್ಲ, ಟೈರುಗಳೇ ಆಸನ. ಭಾನುವಾರ ಮೊದಲ ರೇಸು. ಚೋಟು ದೊಡ್ಡ ವರ್ಗಕ್ಕೆ ಹೆಸರು ಕೊಟ್ಟು, ಬಾಗಿಲ ಬಳಿ ನಿಂತಿದ್ದಳು. ಭಾವ ಗಂಟಲು ಸರಿಮಾಡಿಕೊಂಡರು.

"ದೊಡ್ಡ ವರ್ಗಕ್ಕೆ ಹದಿನಾಲ್ಕು ಮಾಡೋಣ ಅಂತ."

"ಆಮೇಲೆ? ಮದುವೆ ಆಗಿರ್ಬೇಕು ಅಂತೀರೋ?" ಎಂದರು ಅಧ್ಯಕ್ಷರು. ಎಲ್ಲರೂ ನಕ್ಕರು. ಭಾವ ನಗಲಿಲ್ಲ.

ಚೋಟು ಕೈ ಎತ್ತಿದಳು. ಸವಾರರೂ ಸಭೆಯಲ್ಲಿ ಸಲಹೆ ಕೊಡಬಹುದು ಎಂಬ ನಿಯಮ ಬರೆದವರೂ ಭಾವನೇ. ಮಾಡಿದ್ದುಣ್ಣೋ ಮಹಾರಾಯ.

"ನಮ್ಗೆ ಇಷ್ಟೊಂದು ಪರೀಕ್ಷೆ ಇದೆ. ಅಪ್ಪ ಅಮ್ಮಂದಿರಿಗೂ ಒಂದಿರ್ಲಿ. ಒಂದು ರೇಸ್ ಪೂರ್ತಿ ಬೇಲಿ ಆಚೆ ನಿಂತು ನೋಡ್ಬೇಕು. ಕೂಗಬಾರ್ದು, ಬೇಲಿ ಹಾರಬಾರ್ದು. ಅದಾಗದೇ ಇರೋರು ನಮ್ಗೆ ಹೊಸ ನಿಯಮ ಮಾಡಬಾರ್ದು."

ಎಲ್ಲರೂ ಭಾವನ ಕಡೆ ತಿರುಗಿದರು. ಯಾಕೆಂದರೆ ಹೋದ ವರ್ಷ ಇವಳು ಜಾರಿ ಬಿದ್ದಾಗ ಭಾವ ಬೇಲಿ ಹಾರಿ ಟ್ರ್ಯಾಕಿಗೇ ಓಡಿದ್ದರು. ಇವಳಿಗೆ ಒಂದು ತರಚುಗಾಯವೂ ಆಗಿರಲಿಲ್ಲ. ಭಾವನಿಗೆ ಗುದ್ದುವುದನ್ನು ತಪ್ಪಿಸಲು ಹೋಗಿ ಹಿಂದಿನ ಹುಡುಗಿ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಅದಕ್ಕೆ ಪ್ಲಾಸ್ಟರ್ ಹಾಕಿದವರೂ ಅವರೇ. ಸುರಕ್ಷಾ ಸಮಿತಿ ಆ ವರ್ಷ ಕಂಡ ಒಂದೇ ಒಂದು ಮೂಳೆಮುರಿತ ಅದು.

ಅವಳ ಸಲಹೆಗೆ ಎಲ್ಲರ ಕೈಗಳೂ ಮೇಲೆದ್ದವು. ನನ್ನದೂ. ಕೊನೆಗೆ ತಲೆ ತಗ್ಗಿಸಿಕೊಂಡು ಭಾವನದೂ. ಹದಿನಾಲ್ಕರ ಮಾತು ಅಲ್ಲಿಗೇ ನಿಂತಿತು.

ಭಾನುವಾರ ಪರೀಕ್ಷಕಿ ನಾನೇ. ಭಾವ ಬೇಲಿಯ ಬಳಿ ನಿಂತು, ಕೂಗು ಹೊರಬೀಳದಿರಲೆಂದು ಕರವಸ್ತ್ರವನ್ನು ಬಾಯಿಗೆ ತುರುಕಿಕೊಂಡರು. ನಾಲ್ಕು ಸುತ್ತು ಸುಸೂತ್ರ. ಐದನೆಯದರಲ್ಲಿ, ಎರಡನೇ ತಿರುವಿನಲ್ಲಿ ಮೂರು ಬೈಕುಗಳು ಒಟ್ಟಿಗೇ ನುಗ್ಗಿದವು. ಮಧ್ಯೆ ಇದ್ದದ್ದು ನಮ್ಮ ಹುಡುಗಿ. ಅವಳ ಹಿಂದಿನ ಚಕ್ರ ಅಡ್ಡಕ್ಕೆ ಜಾರಿತು. ಆಮೇಲೆ ಬರೀ ಧೂಳು. ಪಕ್ಕಕ್ಕೆ ನೋಡಿದರೆ ಭಾವನ ಬಲಗಾಲು ಬೇಲಿಯ ಕಂಬಿಯ ಮೇಲಿತ್ತು.

"ಭಾವ, ಕಾಲು!"

ಕಾಲು ಕೆಳಗಿಳಿಯಿತು. ಅದನ್ನು ಇಳಿಸಲು ಅವರು ಪಟ್ಟ ಪಾಡು ನೋಡಿ, ಇಷ್ಟು ವರ್ಷ ಅವರನ್ನು ಆಡಿಕೊಂಡ ನನಗೆ ಮೊದಲ ಸಲ ಅಯ್ಯೋ ಅನಿಸಿತು. ಧೂಳಿನಿಂದ ಒಂದು ಬೈಕು ಬಂತು, ಇನ್ನೊಂದು ಬಂತು. ಮೂರನೆಯದು ನಮ್ಮದು.

ಕೊನೆಯವಳಾಗಿ ರೇಸು ಮುಗಿಸಿದ ಚೋಟು ಹೆಲ್ಮೆಟ್ಟು ತೆಗೆದು ನೇರ ನಮ್ಮ ಹತ್ತಿರ ಬಂದಳು.

"ಅಪ್ಪ, ಪಾಸಾದ್ಯಾ?"

"ಕೂಗಲಿಲ್ಲ, ಹಾರಲಿಲ್ಲ. ಪಾಸು," ಎಂದೆ ನಾನು.

ಭಾವ ಬಾಯಿಂದ ಕರವಸ್ತ್ರ ತೆಗೆದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ. "ಇಲ್ಲ ಪುಟ್ಟಾ. ನೀನು ನೋಡ್ಬೇಕು ಅಂದಿದ್ದೆ ಅಲ್ವಾ? ಆ ತಿರುವಲ್ಲಿ ಕಣ್ಣು ಮುಚ್ಕೊಂಡ್ಬಿಟ್ಟೆ."

ಅವಳು ಆಚೀಚೆ ನೋಡಿ ದನಿ ತಗ್ಗಿಸಿದಳು.

"ನಾನೂನೂ."

ಹೊಸ ನಿಯಮವೊಂದು ಭಾವನ ನಾಲಿಗೆಯ ತುದಿಗೆ ಬಂದದ್ದು ನನಗೆ ಸ್ಪಷ್ಟವಾಗಿ ಕಂಡಿತು. ಅವರು ಅದನ್ನು ನುಂಗಿಕೊಂಡು, ಅದೇ ಕರವಸ್ತ್ರದಿಂದ ಅವಳ ಮುಖದ ಧೂಳು ಒರೆಸಿದರು.

"ಮುಂದಿನ ಸಲ ಇಬ್ರೂ ಕಣ್ಣು ಬಿಟ್ಕೊಂಡೇ ಇರೋಣ," ಅಂದರು.