ಇಳಿಜಾರಿನ ಪಾಲು

ಪಿಲ್ಲಗುಂಪೆಯ ಬೈಲಪ್ಪನಿಗೆ ಆ ವರ್ಷ ಇದ್ದದ್ದು ಒಂದೇ ಆಸೆ. ಚಿಕ್ಕಪ್ಪನ ಮಗ ರಾಮಾಂಜಿನಪ್ಪ ಎದುರಿಗೆ ಬಂದು ನಿಂತು, ‘ಅಣ್ಣಾ, ನಿಮ್ಮ ಅಂಗಳದಲ್ಲಿ ಜೀಪು ನಿಲ್ಲಿಸಿಕೊಳ್ಳಲಾ?’ ಎಂದು ಕೇಳಬೇಕು. ಕೇಳಿದರೆ ಕೊಡುವ ಆಸೆಯೇನಲ್ಲ, ಇಲ್ಲ ಎನ್ನುವ ಆಸೆ.

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೆಂಗಳೂರಿನಲ್ಲಿ ಹಳೇ ಗಾಡಿಗಳನ್ನು ಹರಾಜು ಹಾಕಿದ್ದರು. ಅವರಲ್ಲೇ ಡ್ರೈವರ್ ಆಗಿದ್ದು ಬಂದ ರಾಮಾಂಜಿನಪ್ಪ ಒಂದು ಜೀಪು ಹಿಡಿದ. ಹಸಿರು ಬಣ್ಣ ಚಕ್ಕೆಯೆದ್ದಿತ್ತು, ಕೂತರೆ ಸೀಟಿನ ತಂತಿ ಚುಚ್ಚುತ್ತಿತ್ತು. ಆದರೂ ಅದು ತರಕಾರಿ ಬುಟ್ಟಿ ಹೇರಿಕೊಂಡು, ಹಳ್ಳ ಕೊರಕಲು ಎನ್ನದೆ ಹೊಸಕೋಟೆ ಸಂತೆ ಸೇರುತ್ತಿತ್ತು. ಬೈಲಪ್ಪನ ಎತ್ತಿನ ಗಾಡಿ ಸಂತೆ ಮುಟ್ಟುವಷ್ಟರಲ್ಲಿ ಅವನು ಎಲ್ಲ ಮಾರಿ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿರುತ್ತಿದ್ದ. ಅದನ್ನು ಕಂಡಾಗಲೆಲ್ಲ ಬೈಲಪ್ಪನ ಹೊಟ್ಟೆಗೆ ಕೆಂಡ ಸುರಿದಂತಾಗುತ್ತಿತ್ತು. ದಾಯಾದಿ ಮತ್ಸರ ಎಂದರೆ ಸುಮ್ಮನೆಯೇ?

ಅವನಿಗಿದ್ದ ಸಮಾಧಾನವೆಂದರೆ ಅಂಗಳ. ಹಿರಿಯ ಪಾಲು ಹಾಕಬೇಕು, ಕಿರಿಯ ಮೊದಲು ಆರಿಸಬೇಕು ಎಂಬುದು ಅವರ ಮನೆತನದ ಪದ್ಧತಿ. ಪಾಲಾದ ವರ್ಷ ಬೈಲಪ್ಪ ಅಂಗಳವನ್ನು ಎರಡು ಮಾಡಿದ. ಒಂದು ಭಾಗ ಅಂಗೈಯಷ್ಟು ಮಟ್ಟಸ. ಇನ್ನೊಂದು ಕಲ್ಲು ಗುಳಿಗಳ ಇಳಿಜಾರು, ನೇರ ರಸ್ತೆಗೆ ಜಾರುವಂಥದ್ದು. ಆರಿಸುವ ದಿನ ಬೆಳಿಗ್ಗೆಯೇ ಎತ್ತುಗಳನ್ನು ಮಟ್ಟಸ ನೆಲದಲ್ಲಿ ಕಟ್ಟಿ, ಪಕ್ಕದಲ್ಲಿ ತಾನೂ ಚಕ್ಕಂಬಕ್ಕಳ ಹಾಕಿ ಕೂತ. ರಾಮಾಂಜಿನಪ್ಪ ಎತ್ತುಗಳನ್ನು ನೋಡಿದ, ಅಣ್ಣನನ್ನು ನೋಡಿದ. "ನಂಗೆ ಆ ಇಳಿಜಾರೇ ಸಾಕು ಬಿಡಣ್ಣ" ಎಂದುಬಿಟ್ಟ. ಬೈಲಪ್ಪ ಗೆದ್ದ. ಆದರೆ ಜಗಳವಿಲ್ಲದೆ ಸಿಕ್ಕ ಗೆಲುವು ಅವನಿಗೆ ರುಚಿಸಲಿಲ್ಲ.

ಈಗ ಇವನು ಜೀಪು ತಂದಿದ್ದಾನಲ್ಲ, ಆ ವಾರೆ ನೆಲದಲ್ಲಿ ಅದು ಹೇಗೆ ನಿಂತೀತು, ಇವತ್ತಲ್ಲ ನಾಳೆ ಕೇಳಲು ಬಂದೇ ಬರುತ್ತಾನೆ ಎಂದು ಬೈಲಪ್ಪ ಕಾದ. ಅವನು ಬರಲಿಲ್ಲ. ದಿನಾ ಸಂಜೆ ಜೀಪಿನ ಮೂತಿಯನ್ನು ರಸ್ತೆಯ ಕಡೆ ತಿರುಗಿಸಿ, ಒಂದು ಚಕ್ರ ಬಂಡೆಯ ಮೇಲೆ, ಒಂದು ಗುಳಿಯೊಳಗೆ ಇಳಿಸಿ, ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು ಒಳಗೆ ಹೋಗುತ್ತಿದ್ದ. ಜೀಪು ಒಂದು ಪಕ್ಕಕ್ಕೆ ವಾಲಿಕೊಂಡು ಹಾಯಾಗಿ ನಿಂತಿರುತ್ತಿತ್ತು. ಹಾಗೆ ಬೀಳದೆ ನಿಂತದ್ದನ್ನು ನೋಡಲು ಜನ ಬರುತ್ತಿದ್ದರು. ಮಟ್ಟಸ ನೆಲ ನೋಡಲು ಯಾರು ಬರುತ್ತಾರೆ? ಬೆಳಿಗ್ಗೆ ಕಲ್ಲು ತೆಗೆದರೆ ಜೀಪು ಸದ್ದಿಲ್ಲದೆ ಉರುಳಿ ಹೋಗಿ, ರಸ್ತೆ ಮುಟ್ಟಿದೊಡನೆ ಗುಡುಗುತ್ತಿತ್ತು.

"ನೋಡ್ದಾ ಜಂಬಾನ," ಎಂದು ಬೈಲಪ್ಪ ಹೆಂಡತಿ ಅನುಸೂಯಮ್ಮನಿಗೆ ಹೇಳಿದ. "ನಮ್ ಎದೆ ಒಡೀಲಿ ಅಂತ್ಲೇ ಹಂಗ್ ಮಾಡ್ತಾನೆ."

"ಅವನು ಜೀಪ್ ಓಡುಸ್ಲಿ, ನೀವು ಹೊಟ್ಟೆ ಉರ್ಕೊಂಡು ಕೂತಿರಿ," ಎಂದಳು ಅವಳು.

ಕೊನೆಗೆ ತಡೆಯಲಾರದೆ ಬೈಲಪ್ಪನೇ ಹೋದ. "ಏನ್ಲಾ, ಅಷ್ಟು ವಾರೇಲಿ ನಿಲ್ಸಿದೀಯ. ನಮ್ ಕಡೆ ನಿಲ್ಸ್ಕೊಳ್ಳಾ ಅಂತ ಒಂದ್ ಮಾತು ಕೇಳ್ಬಾರ್ದಾ?"

"ಅಲ್ಲಿ ನಿಲ್ಸಿದ್ರೆ ಬೆಳಿಗ್ಗೆ ಶುರುವಾಗಲ್ಲ ಕಣಣ್ಣ. ಬ್ಯಾಟ್ರಿ ಸತ್ತೋಗಿದೆ, ತಿರುಗ್ಸೋ ಹ್ಯಾಂಡ್ಲೂ ಇಲ್ಲ. ಉರುಳುಸ್ಕೊಂಡು ಹೋಗಿ, ಗೇರ್‌ಗೆ ಹಾಕಿ ಕ್ಲಚ್ ಬಿಟ್ರೇನೇ ಇಂಜಿನ್ ಹತ್ಕೊಳೋದು. ಈ ಇಳಿಜಾರು ನನ್ ಪಾಲಿಗೆ ಬಂದಿದ್ದೇ ಒಳ್ಳೇದಾಯ್ತು."

ಬೈಲಪ್ಪನ ಮುಖ ಕಪ್ಪಿಟ್ಟಿತು. ತಾನು ಉಪಾಯ ಮಾಡಿ ಅವನ ತಲೆಗೆ ಕಟ್ಟಿದ ನೆಲವೇ ಅವನಿಗೆ ಅನ್ನ ಹಾಕುತ್ತಿದೆಯಲ್ಲ! ಮಾರನೆಯ ದಿನವೇ, ಹಿಂದೆ ಪಾಲಿನ ಪಂಚಾಯ್ತಿ ಮಾಡಿದ್ದ ಊರ ಹಿರಿಯ ಅಪ್ಪಯ್ಯಣ್ಣನನ್ನು ಕರೆತಂದ. "ಪಾಲು ಸರ್ಯಾಗಿಲ್ಲ. ಇಳಿಜಾರು ನಂಗೆ ಬೇಕು," ಎಂದ.

"ನಿನ್ ತಾವ ಜೀಪ್ ಐತೇನಪ್ಪಾ?" ಎಂದು ಅಪ್ಪಯ್ಯಣ್ಣ ಕೇಳಿದ.

"ಇಲ್ದಿದ್ರೇನು? ನಂಗೆ ಬೇಕು."

ರಾಮಾಂಜಿನಪ್ಪ ಕೂಗಾಡುತ್ತಾನೆ, ಕಾಲಾದರೂ ಹಿಡಿಯುತ್ತಾನೆ ಎಂದು ಬೈಲಪ್ಪ ಕಾದ. ಅವನು ತುಸು ಹೊತ್ತು ತಲೆ ಕೆರೆದುಕೊಂಡು, "ತಗೋಳಣ್ಣ. ನಾನು ಕೆರೆ ಏರಿ ಪಕ್ಕ ನಿಲ್ಸ್ಕೋತೀನಿ, ಅಲ್ಲೂ ಇಳಿಜಾರೈತೆ," ಎಂದ. ಅವನ ಮುಖದಲ್ಲಿ ಒಂದಿಷ್ಟಾದರೂ ನೋವು ಕಂಡಿದ್ದರೆ ಬೈಲಪ್ಪ ಆ ನೆಲವನ್ನು ಅಲ್ಲೇ ವಾಪಸು ಕೊಟ್ಟುಬಿಡುತ್ತಿದ್ದ.

ಮಟ್ಟಸ ನೆಲ ರಾಮಾಂಜಿನಪ್ಪನ ಪಾಲಾಯಿತು, ಎತ್ತುಗಳು ಇಳಿಜಾರಿಗೆ ಬಂದವು. ಮಲಗಲು ಸರಿಯಾದ ಜಾಗ ಸಿಗದೆ ಎದ್ದೆದ್ದು ತಿರುಗುತ್ತಿದ್ದವು. ಜೀಪು ನೋಡುವ ಜನ ಕೆರೆಯ ಕಡೆ ಹೋಗತೊಡಗಿದರು.

ಸುಗ್ಗಿ ಮುಗಿದ ಮೇಲೆ ಒಂದು ಬೆಳಿಗ್ಗೆ ಅನುಸೂಯಮ್ಮ ತೊಳೆದ ರಾಗಿಯ ಮಂಕರಿ ಹೊತ್ತು ಹೊರಗೆ ಬಂದಳು. ಒಣಹಾಕಲು ಅತ್ತ ನೋಡಿದಳು, ಇತ್ತ ನೋಡಿದಳು. ಎಲ್ಲಿ ಹರವಿದರೂ ರಾಗಿ ರಸ್ತೆಗೆ ಇಳಿಯುತ್ತದೆ. ಗಂಡನ ಮುಖ ನೋಡಿದಳು. ಅವನು ಎತ್ತಿನ ಮೈ ಸವರತೊಡಗಿದ. ಅವಳು ಗಡಿಗಲ್ಲು ದಾಟಿ ಆ ಮನೆಯ ಬಾಗಿಲಲ್ಲಿ ನಿಂತಳು.

"ರಾಮಾಂಜೀ, ನಿಮ್ ಅಂಗಳದಾಗೆ ಒಂದಿಷ್ಟು ರಾಗಿ ಹರವ್ಕೊಳ್ಳಾ?"

ಇಲ್ಲ ಅನ್ನು, ಒಂದೇ ಒಂದು ಸಲ ಇಲ್ಲ ಅನ್ನು ಎಂದು ಬೈಲಪ್ಪ ಎತ್ತಿನ ಬೆನ್ನ ಮೇಲಿನ ಹಿಣಿಲಿಗೆ ಕೈ ಒತ್ತಿ ಹಿಡಿದು ಒಳಗೊಳಗೇ ಬೇಡಿಕೊಂಡ.

"ಅದಕ್ಕೂ ಕೇಳ್ಬೇಕಾ ಅತ್ತಿಗೆ?" ಎಂದು ರಾಮಾಂಜಿನಪ್ಪ ಒಳಗಿನಿಂದಲೇ ಹೇಳಿ, ಅಂಗಳ ಗುಡಿಸಿಕೊಡಲು ಪೊರಕೆ ಹಿಡಿದು ಹೊರಗೆ ಬಂದ.